ಬಂಪರಿಗೆ ಕಡಲೆಕಾಯಿ ಎಣ್ಣೆ

ನನ್ನ ತಲೆಗೆ ನಾನು ವಾರಕ್ಕೊಮ್ಮೆ ಎಣ್ಣೆ ಹಚ್ಚಿಕೊಂಡರೆ ಅದೇ ಹೆಚ್ಚು. ನನ್ನ ಕಾರಿನ ಬಂಪರಿಗೆ ಮಾತ್ರ ಈ ಬೇಸಗೆಯಲ್ಲಿ ದಿನ ಬಿಟ್ಟು ದಿನ ಹಚ್ಚಿದ್ದೇನೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕಡಲೆಕಾಯಿ ಎಣ್ಣೆ, ಕೊನೆಗೆ ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ದೇವರ ದೀಪಕ್ಕೆ ಇಟ್ಟಿದ್ದ ಎಳ್ಳೆಣ್ಣೆಯನ್ನೂ ಹಚ್ಚಿದ್ದೇನೆ. ಐವತ್ತು ದಾಟಿದ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಹೆಂಗಸೊಬ್ಬಳು ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಕಾರಿಗೆ ಎಣ್ಣೆ ನೀವುವುದು ಅಷ್ಟೇನೂ ಗೌರವದ ದೃಶ್ಯವಲ್ಲ. ನೀವು ನನ್ನವರೆಂದು ಹೇಳುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಇದನ್ನು ಯಾರಿಗೂ ಹೇಳಿಲ್ಲ.

ನನ್ನ ಕಾರು ಚಿಕ್ಕದು, ಬಿಳಿ ಬಣ್ಣದ್ದು. ಅದರಲ್ಲಿ ನಂಜನಗೂಡಿನಿಂದ ಕವಲಂದೆಯ ಶಾಲೆಗೆ ಹೋಗಿ ಬರುತ್ತೇನೆ. ಶಾಲೆಯ ಬಯಲಿನಲ್ಲಿ ನೆರಳು ಕೊಡುವ ಹೊಂಗೆಮರ ಒಂದೇ ಒಂದು. ಅದರ ಕೆಳಗೆ ಹೆಡ್‌ಮಾಸ್ಟರರ ಕಾರು ನಿಲ್ಲುತ್ತದೆ. ಅದು ಬರೆದಿಟ್ಟ ನಿಯಮವಲ್ಲ, ಆದರೆ ಬರೆದಿಟ್ಟ ನಿಯಮಗಳಿಗಿಂತ ಚೆನ್ನಾಗಿ ಪಾಲನೆಯಾಗುತ್ತದೆ. ಹಾಗಾಗಿ ನನ್ನ ಕಾರು ವರ್ಷಗಟ್ಟಲೆ ಬಿಸಿಲಲ್ಲೇ ನಿಂತಿದೆ. ಬಿಳಿ ಬಣ್ಣ ತಡೆದುಕೊಂಡಿತು. ಮುಂದಿನ ಬಂಪರು, ಬಾಗಿಲ ಕೆಳಗಿನ ಕರಿ ಪಟ್ಟಿ, ಕನ್ನಡಿ ಹಿಡಿದುಕೊಂಡಿರುವ ಪ್ಲಾಸ್ಟಿಕ್ಕಿನ ಕೈ, ಇವೆಲ್ಲ ಮೊದಲು ಕಂದಿ, ಆಮೇಲೆ ಬೂದುಬಣ್ಣಕ್ಕೆ ತಿರುಗಿ, ಕಡೆಗೆ ಒಲೆ ಉರಿಸಿದ ಅಡುಗೆಮನೆಯ ಗೋಡೆಗೆ ಅರೆಬರೆ ಸುಣ್ಣ ಬಳಿದ ಹಾಗೆ ಆದವು.

ಇದು ಎಂದಿನಿಂದ ಹೀಗಾಯಿತೆಂದು ನನಗೆ ಗೊತ್ತಿಲ್ಲ. ದಿನವೂ ನೋಡುವ ವಸ್ತುವನ್ನು ನಾವು ನೋಡುವುದೇ ಇಲ್ಲ. ನಾನು ಅದನ್ನು ನೋಡುವಂತೆ ಮಾಡಿದವಳು ರತ್ನಮ್ಮ.

ರತ್ನಮ್ಮ ನಮ್ಮ ಪಕ್ಕದ ಮನೆಯವಳು. ನನಗಿಂತ ಚಿಕ್ಕವಳು. ಗಂಡ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ನಡುವಿನ ಕಾಂಪೌಂಡು ಗೋಡೆಗೆ ಮೊಣಕೈ ಊರಿ ಮಾತಾಡುವುದು ಅವಳ ಅಭ್ಯಾಸ. ಆ ಜಾಗದಲ್ಲಿ ಗೋಡೆಯ ಬಣ್ಣ ಸವೆದುಹೋಗಿದೆ. ಬೇಸಗೆ ರಜ ಶುರುವಾದ ಹೊಸತರಲ್ಲಿ ಒಂದು ಬೆಳಿಗ್ಗೆ ಅವಳು ಅಲ್ಲಿಗೆ ಬಂದು ನಿಂತಳು.

“ಅಕ್ಕ, ಒಂದ್ ಮಾತ್ ಏಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನರಸೀಪುರದಲ್ಲಿ ನಮ್ ತವರ್ ಕಡೆಯೋರು ಒಬ್ರವ್ರೆ, ಗುರುಮಲ್ಲಪ್ಪ ಅಂತ. ನೀರಾವರಿ ಇಲಾಖೇಲಿದ್ದು ರಿಟೈರಾಗವ್ರೆ. ಎಂಡ್ತಿ ತೀರ್ಕಂಡು ಮೂರ್ನಾಕ್ ವರ್ಷ ಆಯ್ತು. ಒಬ್ಳೇ ಮಗ್ಳು, ಮೈಸೂರ್ಗೆ ಕೊಟ್ಟವ್ರೆ. ಆ ಮಗೀಗೆ ಅಪ್ಪನದೇ ಚಿಂತೆ.”

“ಅದಕ್ಕೆ ನಾನೇನು ಮಾಡಬೇಕು ರತ್ನಮ್ಮ?”

“ಏನ್ ಮಾಡ್ಬೇಕು ಅಂತ ಕೇಳ್ತೀರಲ್ಲಕ್ಕ! ವಿಜ್ಞಾನದ ಟೀಚರು ನೀವು.”

ನಾನು ನಕ್ಕು ಒಳಗೆ ಬಂದೆ. ಆದರೆ ಆ ಮಾತೂ ನನ್ನ ಹಿಂದೆಯೇ ಒಳಗೆ ಬಂದು ಕೂತುಬಿಟ್ಟಿತು. ನನಗೆ ಮದುವೆಯಾಗದಿದ್ದುದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಅಪ್ಪ ಬೇಗ ಹೋದರು, ಅಮ್ಮನ ಆರೋಗ್ಯ ಸರಿಯಿರಲಿಲ್ಲ, ಕೆಲಸ ಸಿಕ್ಕಿತು, ಬಂದ ಒಂದೆರಡು ಸಂಬಂಧ ಕೂಡಲಿಲ್ಲ. ಬಸ್ಸಿಗೆ ಕಾಯುತ್ತಾ ನಿಂತವರು ಅಕ್ಕಪಕ್ಕದವರ ಜೊತೆ ಮಾತಿಗಿಳಿದು ಬಸ್ಸು ಹೋದದ್ದನ್ನೇ ನೋಡದ ಹಾಗೆ ಆ ವಯಸ್ಸು ಹೋಯಿತು. ಅಮ್ಮ ಇರುವವರೆಗೆ ಅದು ಅಷ್ಟಾಗಿ ಕಾಣಲಿಲ್ಲ. ಅಮ್ಮ ಹೋದ ಮೇಲೆ ಮನೆಯ ಸಾಮಾನುಗಳೆಲ್ಲ ಇಟ್ಟಲ್ಲೇ ಇರತೊಡಗಿದವು. ನೀವು ಮನೆಯಲ್ಲಿ ನಾಲ್ಕು ಜನ ಇರುವವರಾದರೆ ಇದನ್ನು ಸುಖವೆಂದುಕೊಳ್ಳುತ್ತೀರಿ. ಬೆಳಿಗ್ಗೆ ಮೇಜಿನ ಮೇಲೆ ಬಿಟ್ಟುಹೋದ ಕತ್ತರಿ ಸಂಜೆ ಅದೇ ಕೋನದಲ್ಲಿ ಬಿದ್ದಿರುವುದನ್ನು ಕೆಲವು ವರ್ಷ ನೋಡಿ, ಆಮೇಲೆ ಹೇಳಿ.

ಮುಂಚೆ ಶಾಲೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಆಗ ಪಕ್ಕದಲ್ಲಿ ಯಾರಾದರೂ ಕೂರುತ್ತಿದ್ದರು. ಎಲೆಯಡಿಕೆ ಚೀಲದವರು, ನಿದ್ದೆ ಮಾಡಿ ಭುಜಕ್ಕೆ ಬೀಳುವವರು. ಅವರಿಂದ ತಪ್ಪಿಸಿಕೊಳ್ಳಲೆಂದೇ ಕಾರು ಕೊಂಡೆ. ಒಂದು ದಿನ ಪಕ್ಕದ ಸೀಟಿನ ಮೇಲೆ ಉತ್ತರಪತ್ರಿಕೆಗಳ ದಪ್ಪ ಕಟ್ಟು ಇಟ್ಟೆ. ಕಾರು ಕೀ ಕೀ ಎಂದು ಹೊಡೆದುಕೊಳ್ಳತೊಡಗಿತು. ಅಲ್ಲಿ ಕೂತವರು ಬೆಲ್ಟು ಹಾಕಿಕೊಂಡಿಲ್ಲವೆಂದು ಅದರ ದೂರು. ನಾನು ಉತ್ತರಪತ್ರಿಕೆಗಳಿಗೆ ಬೆಲ್ಟು ಹಾಕಿ ಕವಲಂದೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಅವುಗಳ ಜೊತೆ ಮಾತೂ ಆಡಿದೆನೆಂದು ನೆನಪು. ಹತ್ತನೇ ತರಗತಿಯವರ ಬರವಣಿಗೆ ಹಾಗಿತ್ತು.

ಒಂದು ವಾರ ಕಳೆದ ಮೇಲೆ ರತ್ನಮ್ಮನಿಗೆ, “ಆಗಲಿ, ಹೋಗಿ ನೋಡಿಕೊಂಡು ಬರುತ್ತೇನೆ” ಎಂದೆ. ನಮ್ಮ ಕಡೆ ಗಂಡು ಬಂದು ಹೆಣ್ಣು ನೋಡುವುದು ವಾಡಿಕೆ. ಆದರೆ ನಮ್ಮ ಮನೆಯಲ್ಲಿ ಕೂರಿಸಿ ಮಾತಾಡಿಸಲು ದೊಡ್ಡವರಿಲ್ಲ. ಅವರ ಮನೆಯಲ್ಲಿ ರಜಕ್ಕೆ ಮಗಳು ಬಂದಿರುತ್ತಾಳೆ. ನಾನೇ ಹೋಗುವುದೆಂದು ತೀರ್ಮಾನವಾಯಿತು. ಗಂಡು ನೋಡಲು ಸ್ವತಃ ಕಾರು ಓಡಿಸಿಕೊಂಡು ಹೋಗುವ ಹೆಣ್ಣು! ನನಗೇ ನನ್ನ ಬಗ್ಗೆ ಸಣ್ಣ ಹೆಮ್ಮೆ ಹುಟ್ಟಿತು. ಆ ಹೆಮ್ಮೆಯಲ್ಲೇ ಹೊರಗೆ ಬಂದು ಕಾರನ್ನು ನೋಡಿದೆ. ಗುರುಮಲ್ಲಪ್ಪನವರು ಗೇಟಿನ ಹತ್ತಿರ ನಿಂತು ನೋಡಿದರೆ ಹೇಗೆ ಕಾಣಬಹುದೋ ಹಾಗೆ ನೋಡಿದೆ. ಬಂಪರು ಬೂದಿ ಬಳಿದುಕೊಂಡು ನನ್ನನ್ನೇ ದಿಟ್ಟಿಸುತ್ತಿತ್ತು.

ಇದಕ್ಕೆಂದೇ ತಯಾರಾದ ದ್ರಾವಣ ಕಾರಿನ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆಂದು ಆಮೇಲೆ ತಿಳಿಯಿತು. ತಿಳಿದಿದ್ದರೂ ಕೇಳುತ್ತಿರಲಿಲ್ಲವೇನೋ. ಇಷ್ಟು ವರ್ಷ ಇಲ್ಲದ ಶೋಕಿ ಈಗೇಕೆ ಎಂದು ಅಂಗಡಿಯವನು ಕೇಳುವುದಿಲ್ಲ, ನಿಜ. ಕೇಳಿದ ಹಾಗೆ ನನಗೇ ಅನ್ನಿಸುತ್ತದೆ. ಫೋನಿನಲ್ಲಿ ವಿಡಿಯೊಗಳನ್ನು ಹುಡುಕಿದೆ. ಮನೆಯಲ್ಲಿರುವ ಪದಾರ್ಥಗಳಿಂದಲೇ ಕಪ್ಪು ಮರಳಿ ತರಬಹುದೆಂದು ಲೋಕದ ಎಲ್ಲ ಮೂಲೆಗಳಿಂದ ಜನ ಹೇಳುತ್ತಿದ್ದರು. ಒಬ್ಬ ಬಾಳೆಹಣ್ಣಿನ ಸಿಪ್ಪೆ ತಿಕ್ಕುತ್ತಿದ್ದ. ಒಬ್ಬಳು ಟೂತ್‌ಪೇಸ್ಟು. ಇನ್ನೊಬ್ಬ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದು, ಒಳಗಿರುವ ಎಣ್ಣೆಯೇ ಮೇಲೆ ಬರುತ್ತದೆ ಎನ್ನುತ್ತಿದ್ದ.

ಆ ಯಂತ್ರ ನನ್ನಲ್ಲಿಲ್ಲ. ಇಸ್ತ್ರಿಪೆಟ್ಟಿಗೆ ಇತ್ತು. ಅದನ್ನು ಬಂಪರಿನ ಹತ್ತಿರ ಹಿಡಿದೆನೇ ಹೊರತು ತಾಗಿಸಲಿಲ್ಲವೆಂದು ಇವತ್ತಿಗೂ ವಾದಿಸುತ್ತೇನೆ. ಎಡಗಡೆ ಮೂಲೆಯಲ್ಲಿರುವ ತಗ್ಗು ಬೇರೆ ಕತೆ ಹೇಳುತ್ತದೆ.

ಆಮೇಲೆ ನನ್ನೊಳಗಿನ ಟೀಚರು ಎಚ್ಚೆತ್ತಳು. ಸೀಮೆಸುಣ್ಣದಿಂದ ಬಂಪರನ್ನು ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ಹಚ್ಚಿದೆ. ಬೂಟ್ ಪಾಲಿಶ್ ಎಲ್ಲಕ್ಕಿಂತ ಕಪ್ಪಾಗಿ ಕಂಡಿತು. ಸಂಜೆಯೊಳಗೆ ಆ ಕಪ್ಪಿನ ಅರ್ಧ ನನ್ನ ಸೀರೆಯ ನೆರಿಗೆಗೆ ಬಂದಿತ್ತು. ಟೂತ್‌ಪೇಸ್ಟು ಸಂದುಗೊಂದುಗಳಲ್ಲಿ ಬಿಳಿಯಾಗಿ ಒಣಗಿ, ಬಂಪರು ಹಲ್ಲುಜ್ಜಿ ಬಾಯಿ ಮುಕ್ಕಳಿಸದೆ ಎದ್ದುಬಂದ ಹಾಗೆ ಕಂಡಿತು. ವ್ಯಾಸಲೀನು ಮಿಂಚಿತು, ರಸ್ತೆಯ ಧೂಳನ್ನೆಲ್ಲ ಬಾಚಿ ತಬ್ಬಿಕೊಂಡಿತು. ಕೊಬ್ಬರಿ ಎಣ್ಣೆ ಹಚ್ಚಿದಾಗ ಚೆಂದ, ಮರುದಿನಕ್ಕೆ ಮಾಯ. ಕಾಂಪೌಂಡಿನಾಚೆಯಿಂದ ರತ್ನಮ್ಮ ಇಣುಕಿದಳು.

“ಏನಕ್ಕ, ಕಾರ್ಗೂ ಎಣ್ಣೆ ನೀರ್ ಉಯ್ತಿದ್ದೀರಾ? ಕೂದ್ಲು ಬತ್ತದಾ?”

“ಬಂದರೆ ನಿನಗೂ ಹೇಳುತ್ತೇನೆ” ಎಂದೆ.

ಆ ವಾರ ಒಂದು ಭರಣಿ ಮಳೆ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಎಲ್ಲ ಪ್ರಯೋಗವೂ ತೊಳೆದು ಹೋಗಿತ್ತು. ಕಡಲೆಕಾಯಿ ಎಣ್ಣೆ ಹಚ್ಚಿದ ಪಟ್ಟಿಯಲ್ಲಿ ಮಾತ್ರ ಕಪ್ಪು ಇನ್ನೂ ಉಳಿದಿತ್ತು. ಯಾಕೆಂದು ನನ್ನನ್ನು ಕೇಳಬೇಡಿ. ಮಳೆನೀರು ಬೇರೆ ಕಡೆ ಹೆಚ್ಚು ಹರಿದಿರಬಹುದು. ಒಂದೇ ಸಲ ಮಾಡಿದ ಪ್ರಯೋಗವನ್ನು ನಂಬಬಾರದೆಂದು ಮಕ್ಕಳಿಗೆ ಹೇಳುತ್ತಾ ಬಂದವಳು ಈ ಒಂದನ್ನು ಪೂರ್ತಿ ನಂಬಿದೆ.

ಇಲ್ಲಿ ಸ್ವಲ್ಪ ಪಾಠ ಮಾಡಲು ಅವಕಾಶ ಕೊಡಿ. ಈ ಪ್ಲಾಸ್ಟಿಕ್ಕಿನ ಕಪ್ಪು ಮೇಲೆ ಬಳಿದದ್ದಲ್ಲ. ಕಾಡಿಗೆಯಂಥ ಇಂಗಾಲದ ಪುಡಿಯನ್ನು ಅದರೊಳಗೇ ಕಲಸಿರುತ್ತಾರೆ. ಬಿಸಿಲು ಮೇಲ್ಮೈಯನ್ನು ಮಾತ್ರ ಸೀಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಲ್ಲಿ ಬೆಳಕು ಚೆದುರಿ ನಮಗೆ ಬೂದು ಕಾಣುತ್ತದೆ. ಎಣ್ಣೆ ಆ ಬಿರುಕುಗಳನ್ನು ತುಂಬಿದರೆ ಕಪ್ಪು ಮತ್ತೆ ಕಾಣುತ್ತದೆ. ಕಪ್ಪು ಎಲ್ಲಿಗೂ ಹೋಗಿರುವುದಿಲ್ಲ. ನಮ್ಮ ಜನಕ್ಕೆ ಇದು ಯಾವ ಪಾಠವೂ ಇಲ್ಲದೆ ಗೊತ್ತಿತ್ತೆಂದು ಕಾಣುತ್ತದೆ. ಮಂಕಾದದ್ದು ಏನೇ ಇರಲಿ, ನಮ್ಮದು ಒಂದೇ ಉತ್ತರ: ಎಣ್ಣೆ. ಹುಟ್ಟಿದ ಮಗುವಿಗೆ ಎಣ್ಣೆ, ದೇವರ ಕರಿಕಲ್ಲಿಗೆ ಎಣ್ಣೆ, ದೋಸೆಯ ಹೆಂಚಿಗೆ, ಎತ್ತಿನ ಕೊಂಬಿಗೆ, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ. ಮನುಷ್ಯರಿಗೂ ಹಬ್ಬದ ದಿನ ಎಣ್ಣೆ ನೀರು. ನನ್ನ ಬೆನ್ನಿಗೆ ಎಣ್ಣೆ ಹಚ್ಚಿದ ಕಡೆಯ ಕೈ ಅಮ್ಮನದು. ಬೆನ್ನಿಗೆ ತಾನೇ ಹಚ್ಚಿಕೊಳ್ಳಲು ಆಗುವುದಿಲ್ಲ, ಎಷ್ಟು ಓದಿದ್ದರೂ.

ಹೊರಡುವ ದಿನ ಬೆಳಿಗ್ಗೆ ಕಾರು ತೊಳೆದು, ಒರೆಸಿ, ಕರಿಯದ್ದಕ್ಕೆಲ್ಲ ಹಳೆಯ ಬನಿಯನ್ ಬಟ್ಟೆಯಲ್ಲಿ ಕಡಲೆಕಾಯಿ ಎಣ್ಣೆ ಹಚ್ಚಿದೆ. ಧಾರಾಳವಾಗಿಯೇ ಹಚ್ಚಿದೆ. ಬಂಪರು ಹೊಸ ಎಮ್ಮೆಕರುವಿನ ಹಾಗೆ ಮಿರಮಿರ ಮಿಂಚಿತು. ಆಮೇಲೆ ಸ್ನಾನ ಮಾಡಿ, ಹಸಿರು ಅಂಚಿನ ಸೀರೆ ಉಟ್ಟು ಬಂದೆ. ರತ್ನಮ್ಮ ತಾನೂ ಬರುತ್ತೇನೆಂದು ತಯಾರಾಗಿದ್ದಳು. ಬೇಡವೆಂದೆ. ಅವಳು ಬಂದರೆ ನನ್ನ ಪರವಾಗಿ ಅವಳೇ ಒಪ್ಪಿ ಬರುತ್ತಿದ್ದಳು.

ಗುರುಮಲ್ಲಪ್ಪನವರ ಮನೆ ನರಸೀಪುರದಲ್ಲಿ ಸೋಸಲೆ ಕಡೆಗೆ ಹೋಗುವ ರಸ್ತೆಯಲ್ಲಿ. ಅಂಗಳದಲ್ಲಿ ಸೀಬೆಗಿಡ, ತಂತಿಯ ಮೇಲೆ ಒಣಗಿದ ಟವೆಲು. ಅವರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಗೇಟಿನಲ್ಲೇ ನಿಂತಿದ್ದರು. ಎತ್ತರದ ಆಳು, ತಲೆ ಸ್ವಲ್ಪ ಬಾಗಿಸಿ ನಿಲ್ಲುತ್ತಾರೆ. “ಬನ್ನಿ ಮೇಡಂ, ದಾರಿ ಗೊತ್ತಾಯ್ತಾ?” ಎಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ಬಂಪರನ್ನು ಅವರು ನೋಡಲೇ ಇಲ್ಲ.

ಮಾತೆಲ್ಲ ಮಗಳದು. ಅವಳ ಹೆಸರು ಪವಿತ್ರ. ಉಪ್ಪಿಟ್ಟು ಬಡಿಸುತ್ತಾ, ಕಾಫಿ ಕೊಡುತ್ತಾ ಅವಳು ಅಪ್ಪನ ಗುಣಗಳನ್ನು ಹೇಳುತ್ತಲೇ ಹೋದಳು. “ಅಪ್ಪಂಗೆ ಶುಗರ್ ಇಲ್ಲ ಮೇಡಂ. ಬಿಪಿ ಸ್ವಲ್ಪ ಇದೆ, ಅಷ್ಟೇ. ಬಟ್ಟೆ ಅವ್ರೇ ಒಗೀತಾರೆ. ಅಡುಗೇನೂ ಕಲ್ತಿದ್ದಾರೆ, ಸಾರು ಚೆನ್ನಾಗ್ ಮಾಡ್ತಾರೆ. ಒಬ್ರೇ ಇರ್ತಾರಲ್ಲ ಮೇಡಂ, ಫೋನ್ ಎತ್ತದು ಸ್ವಲ್ಪ ತಡ ಆದ್ರೂ ನಂಗೆ ಅಲ್ಲಿ ಕೈಕಾಲು ಆಡಲ್ಲ.” ಹೇಳುವಾಗ ಅವಳ ಕಣ್ಣು ತುಂಬಿತು. ಅವಳ ಅಪ್ಪ ತನ್ನ ಉಪ್ಪಿಟ್ಟಿನೊಳಗಿನ ಕರಿಬೇವನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದರು.

ಆ ಮನೆ ನನಗೆ ಹಿಡಿಸಿತು. ಇದನ್ನು ನಿಮಗೆ ಹೇಳದೆ ಇರಲಾರೆ. ಅಡುಗೆಮನೆಯ ಕಿಟಕಿ ಯಾವ ದಿಕ್ಕಿಗಿದೆ ಎಂದು ನೋಡಿಟ್ಟುಕೊಂಡೆ. ನನ್ನ ಪುಸ್ತಕದ ಬೀರು ಯಾವ ಗೋಡೆಗೆ ಸೇರೀತು ಎಂದು ಲೆಕ್ಕ ಹಾಕಿದೆ. ಇಲ್ಲಿಂದ ಕವಲಂದೆ ದೂರವಾಗುತ್ತದೆ, ವರ್ಗ ಕೇಳಬೇಕು ಎಂದೂ ಯೋಚಿಸಿದೆ. ಇಷ್ಟೆಲ್ಲ ಆದದ್ದು ಅರ್ಧ ಲೋಟ ಕಾಫಿಯೊಳಗೆ.

ಆಗ ಹೊರಗೆ ಗರಗಸ ಎಳೆದ ಹಾಗೆ ಸರಕ್ ಸರಕ್ ಎಂಬ ಸದ್ದು ಕೇಳಿಸಿತು. ಮೂವರೂ ಎದ್ದು ಹೊರಗೆ ಬಂದೆವು. ಪಕ್ಕದ ಮನೆಯ ಹಸು ಹಗ್ಗ ಬಿಚ್ಚಿಕೊಂಡು ಬಂದು, ಕಣ್ಣು ಅರೆ ಮುಚ್ಚಿ, ಪರಮ ಭಕ್ತಿಯಿಂದ ನನ್ನ ಕಾರಿನ ಬಂಪರನ್ನು ನೆಕ್ಕುತ್ತಿತ್ತು. ಬಲಗಡೆ ಆಗಲೇ ಮುಗಿಸಿ ನಡುವಿಗೆ ಬಂದಿತ್ತು. ನೆಕ್ಕಿದ ಕಡೆಯೆಲ್ಲ ಬೂದು, ನೆಕ್ಕಬೇಕಾದ ಕಡೆಯೆಲ್ಲ ಕಪ್ಪು.

“ಏಯ್, ಬುಡೇ! ಏನೇ ನಿಂಗೆ, ಕಾರ್ ತಿಂತೀಯಾ?” ಎಂದು ಗುರುಮಲ್ಲಪ್ಪನವರು ಅದರ ಕೊರಳಿಗೆ ಕೈ ಹಾಕಿ ಎಳೆದರು. ಅದು ಜಗ್ಗಲಿಲ್ಲ. ಅವರು ಬಗ್ಗಿ ಬಂಪರಿಗೆ ಬೆರಳಿಟ್ಟು ಮೂಸಿದರು.

“ಮೇಡಂ, ಇದ್ಕೇನ್ ಸವ್ರಿದ್ದೀರಿ?”

“ಕಡಲೆಕಾಯಿ ಎಣ್ಣೆ” ಎಂದೆ. ಸುಳ್ಳು ಹೇಳಲು ಹೊಳೆಯಲಿಲ್ಲ.

“ಕಡ್ಲೆಕಾಯಿ ಎಣ್ಣೆ! ಅಲ್ಲಾ, ದಿನಾ ಕಡ್ಲೆಕಾಯಿ ಹಿಂಡಿ ತಿನ್ನೋ ಹಸ ಇದು. ಮೂಗ್ಗೆ ವಾಸ್ನೆ ಬಡುದ್ರೆ ಬಿಟ್ಟಾದಾ?” ಎನ್ನುತ್ತಾ ನಗಲು ಶುರು ಮಾಡಿದರು. ಮೊದಲು ಭುಜ ಕುಲುಕಿತು, ಆಮೇಲೆ ಕೆಮ್ಮು ಬಂತು, ಕಡೆಗೆ ಹಸುವಿನ ಬೆನ್ನಿಗೇ ಕೈ ಊರಿಕೊಂಡು ನಕ್ಕರು. ನಾನೂ ನಕ್ಕೆ. ಪವಿತ್ರ ಮಾತ್ರ ನಗಲಿಲ್ಲ. ಅಪ್ಪನನ್ನೇ ನೋಡುತ್ತಾ ನಿಂತಿದ್ದಳು. ಹಸುವನ್ನು ಕಟ್ಟಿಸಿ ಬರುತ್ತೇನೆಂದು ಅದನ್ನು ಹೊಡೆದುಕೊಂಡು ಹೋಗುವಾಗ ನನ್ನ ಕೈ ಹಿಡಿದು ಮೆಲ್ಲಗೆ, “ಅಪ್ಪ ಹೀಗ್ ನಕ್ಕಿದ್ದು ನೋಡಿ ಎಷ್ಟ್ ಕಾಲ ಆಯ್ತು ಗೊತ್ತಾ ಮೇಡಂ” ಎಂದಳು. ಆ ಕ್ಷಣ ನಾನು ಪುಸ್ತಕದ ಬೀರುವನ್ನು ಗೋಡೆಗೆ ಸೇರಿಸಿಯೇಬಿಟ್ಟೆ.

ಗುರುಮಲ್ಲಪ್ಪನವರು ಬಕೀಟಿನಲ್ಲಿ ನೀರು, ಒಂದು ಹಿಡಿ ಸೀಗೇಪುಡಿ ತಂದರು. ಬೇಡವೆಂದರೂ ಕೇಳದೆ, ಪಂಚೆ ಮೇಲಕ್ಕೆ ಕಟ್ಟಿ, ಬಂಪರಿನ ಮುಂದೆ ಕೂತು ಉಳಿದ ಎಣ್ಣೆಯನ್ನು ತೊಳೆಯತೊಡಗಿದರು. ಕೈಗೆ ಕೆಲಸ ಸಿಕ್ಕಿದ ಮೇಲೆ ಅವರಿಗೆ ಮಾತು ಬಂತು. ನನ್ನ ಮುಖ ನೋಡದೆಯೇ ಆಡಿದರು.

“ಮೇಡಂ, ನೀವು ಬೇಜಾರ್ ಮಾಡ್ಕಳದಿದ್ರೆ ಒಂದ್ ಮಾತು. ನಂಗೆ ಮದ್ವೆ ಬ್ಯಾಡ.”

ನಾನು ಬಕೀಟನ್ನು ಅವರ ಹತ್ತಿರಕ್ಕೆ ಸರಿಸಿದೆ.

“ನಿಮ್ಮಿಂದಲ್ಲ. ನಿಮ್ಮನ್ನ ನೋಡುದ್ಮೇಲೆ ಏಳೋದು ಇನ್ನೂ ಕಷ್ಟ ಆಯ್ತಾ ಅದೆ. ಇಷ್ಟೆಲ್ಲಾ ಮಾಡ್ಕಂಡು ಬಂದಿದ್ದೀರಿ.” ಅವರು ಬಂಪರಿನ ಕಡೆಗೆ ಕೈ ತೋರಿಸಿದರು. ಅವರಿಗೆ ಅದು ಕಂಡಿತ್ತು. “ಗೇಟ್ ತೆಗ್ಯೋವಾಗ ನಾನು ಕೆಮ್ತೀನಿ ಮೇಡಂ. ನಮ್ ಮನೆಯವ್ಳು ಇದ್ದಕ್ಕಿದ್ದಂಗೆ ಒಳಗ್ ಬಂದ್ರೆ ಬೆಚ್ಬೀಳೋಳು. ಅದ್ಕೇ ಅಭ್ಯಾಸ ಮಾಡ್ಕಂಡಿದ್ದೆ. ಈಗ್ಲೂ ಕೆಮ್ತೀನಿ. ಒಳ್ಗಡೆ ಬ್ಯಾರೆಯೋರು ಇದ್ರೆ ಆ ಕೆಮ್ಮು ಅವ್ರುದಾಯ್ತದೆ. ನಂಗೆ ಕೊಡಕ್ಕೆ ಮನ್ಸು ಬರಲ್ಲ. ಇಷ್ಟೇಯ. ಬ್ಯಾರೆ ಏನೂ ಇಲ್ಲ.”

“ಇದನ್ನು ಮಗಳಿಗೆ ಹೇಳಬಹುದಲ್ಲ?”

“ಏಳ್ದೆ. ಅಳ್ತಾಳೆ. ಅಪ್ಪ ನಂಗೆ ಮುಜುಗರ ಆಗ್ಬಾರ್ದು ಅಂತ ಇಂಗಂತವ್ನೆ ಅನ್ಕತಾಳೆ. ಇನ್ನೊಂದು ಸಂಬಂಧ ಉಡುಕ್ತಾಳೆ.” ಆಗ ತಲೆಯೆತ್ತಿ ನೋಡಿದರು. “ನೀವೇ ಒಲ್ಲೆ ಅಂದ್ಬುಡಿ ಮೇಡಂ. ನಿಮ್ಮಂಥ ಓದ್ದೋರು, ಒಳ್ಳೇರು ಬ್ಯಾಡ ಅಂದ್ರು ಅಂದ್ರೆ, ಇನ್ಯಾರೂ ಒಪ್ಪಲ್ಲ ಅಂತ ಸುಮ್ನಾಯ್ತಾಳೆ. ಕೇಳಬಾರ್ದಾಗಿತ್ತು ನಾನು. ಆದ್ರೂ ಕೇಳ್ತಾವ್ನಿ.”

ನಾನು ಎಷ್ಟೋ ಮಕ್ಕಳ ಎಷ್ಟೋ ವಿಚಿತ್ರ ಬೇಡಿಕೆಗಳನ್ನು ಕೇಳಿದ್ದೇನೆ. ಒಂದು ಗಂಡು ನನ್ನೆದುರು ಕೂತು, ತನ್ನನ್ನು ತಿರಸ್ಕರಿಸಿ ಎಂದು ಕೈಮುಗಿಯುವ ಹಾಗೆ ಕೇಳುವುದು ನನ್ನ ಜೀವನದಲ್ಲಿ ಬರುತ್ತದೆಂದು ಎಣಿಸಿರಲಿಲ್ಲ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಕೆಮ್ಮಿನ ಮಾತು ಹೇಳಿದ ಮನುಷ್ಯನ ಮೇಲೆ ಹೇಗೆ ಸಿಟ್ಟು ಮಾಡುವುದು? ಅದನ್ನು ಕೇಳಿದ ಮೇಲೆ ಅವರು ನನಗೆ ಇನ್ನೂ ಹಿಡಿಸಿದರು. ಕಷ್ಟ ಇದ್ದದ್ದೇ ಅಲ್ಲಿ.

“ಆಗಲಿ” ಎಂದೆ.

ಪವಿತ್ರ ವಾಪಸು ಬಂದಳು. ಒಳಗೆ ಹೋಗಿ ಕೂತೆವು. ಅವಳು ನನ್ನ ಕಡೆಗೆ ತಿರುಗಿ ಕಾಯುತ್ತಿದ್ದಳು, ಮುಖದ ತುಂಬ ಆಸೆ. ಒಲ್ಲೆ ಎನ್ನಲು ಒಂದು ಕಾರಣ ಬೇಕಲ್ಲ, ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ಮನುಷ್ಯನಲ್ಲಿ, ಆ ಮನೆಯಲ್ಲಿ, ಆ ಉಪ್ಪಿಟ್ಟಿನಲ್ಲಿ ಕೂಡ ಒಂದು ಕೊರತೆ ಕಾಣಲಿಲ್ಲ.

“ನನಗೆ ಒಬ್ಬಳೇ ಇದ್ದು ಅಭ್ಯಾಸವಾಗಿಬಿಟ್ಟಿದೆಯಮ್ಮ. ಇನ್ನೊಬ್ಬರ ಜೊತೆ ಹೊಂದಿಕೊಳ್ಳುವುದು ಈ ವಯಸ್ಸಿನಲ್ಲಿ ಆಗಲಾರದು ಅನ್ನಿಸುತ್ತಿದೆ” ಎಂದೆ.

ಅವಳ ಮುಖ ಇಳಿದುಹೋಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು: “ಹಾಗಿದ್ರೆ ಯಾಕ್ ಬಂದ್ರಿ ಮೇಡಂ? ಸುಮ್ನೆ ಆಸೆ ತೋರ್ಸಕ್ಕಾ?”

ಅವಳ ಅಪ್ಪ, “ಪವಿ” ಎಂದು ಗದರಿದರು. ನಾನು ಕೊಡಬಹುದಾಗಿದ್ದ ಉತ್ತರಗಳೆಲ್ಲ ನಿಜವಾಗಿದ್ದವು, ಆದ್ದರಿಂದ ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ. ಅವಳು ಕುಂಕುಮ ಕೊಟ್ಟಳು, ಆದರೆ ನಿಂತು ಕಳಿಸಿಕೊಡಲಿಲ್ಲ. ಗುರುಮಲ್ಲಪ್ಪನವರು ಗೇಟಿನವರೆಗೆ ಬಂದು, ಏನೋ ಹೇಳಲು ಹೋಗಿ, “ರೋಡಲ್ಲಿ ಹಂಪುಗಳವೆ, ನೋಡ್ಕಂಡ್ ಓಡ್ಸಿ” ಎಂದರು.

ಕಬ್ಬಿನ ಗದ್ದೆಗಳ ನಡುವೆ ಒಂದು ಕಡೆ ಕಾರು ನಿಲ್ಲಿಸಿ ಇಳಿದೆ. ಅಳು ಬರುತ್ತದೇನೋ ಎಂದುಕೊಂಡು ನಿಲ್ಲಿಸಿದ್ದು. ಸ್ವಲ್ಪ ಬಂತು. ಕಣ್ಣೊರೆಸಿಕೊಂಡು ಮುಂದೆ ಹೋಗಿ ನೋಡಿದೆ. ಅವರು ತೊಳೆದ ಬಂಪರು ಪೂರ್ತಿ ಬೂದಾಗಿತ್ತು, ಆದರೆ ಸ್ವಚ್ಛವಾಗಿತ್ತು. ಅಂಥ ಸ್ವಚ್ಛ ನಾನು ಎಂದೂ ಮಾಡಿರಲಿಲ್ಲ. ಸಂದುಗಳಲ್ಲಿ ಕೂತಿದ್ದ ಟೂತ್‌ಪೇಸ್ಟನ್ನು ಕೂಡ ಉಗುರಿನಿಂದ ಕೆರೆದು ತೆಗೆದಿದ್ದರು.

ರತ್ನಮ್ಮ ಗೋಡೆಯ ಹತ್ತಿರವೇ ಕಾದಿದ್ದಳು. ಪವಿತ್ರ ಆಗಲೇ ಫೋನು ಮಾಡಿದ್ದಳು. “ಏನಕ್ಕ ನೀವು! ಅಂಥೋರ್ನ ಒಲ್ಲೆ ಅಂದ್ ಬಂದ್ರಲ್ಲ! ಇನ್ಯಾವ್ ಮಾರಾಜ ಬರ್ಬೇಕಾಗಿತ್ತು ನಿಮ್ಗೆ? ತವರಲ್ಲಿ ನಾನ್ ಹೆಂಗ್ ಮೊಕ ತೋರ್ಸ್ಲಿ?” ಎಂದಳು. ಅವಳು ನನ್ನ ಮೇಲೆ ಸಿಟ್ಟಾದದ್ದು ಅದೇ ಮೊದಲು. ಕೊಟ್ಟ ಮಾತು ಮಾತೇ. ನಾನು, “ಮನಸ್ಸು ಬರಲಿಲ್ಲ ರತ್ನಮ್ಮ” ಎಂದು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಕತ್ತರಿ ಇಟ್ಟಲ್ಲೇ ಇತ್ತು. ಕೆಲವು ವಾರ ಅವಳು ಗೋಡೆಯ ಹತ್ತಿರ ಬರಲಿಲ್ಲ. ಆ ವಾರಗಳು ಉದ್ದವಾಗಿದ್ದವು. ಒಂಟಿತನ ರೂಢಿಯಾಗಿದೆ ಎಂದು ಪವಿತ್ರಳಿಗೆ ಹೇಳಿದ್ದು ಎಷ್ಟು ದೊಡ್ಡ ಸುಳ್ಳೆಂದು ಆಗ ತಿಳಿಯಿತು. ರೂಢಿಯಾಗಿದ್ದದ್ದು ರತ್ನಮ್ಮ ಗೋಡೆಯಾಚೆ ಇರುವ ಒಂಟಿತನ.

ಶಾಲೆ ಶುರುವಾಯಿತು. ಮಳೆ ಹಿಡಿಯಿತು. ಒಂದು ಭಾನುವಾರ ಮಧ್ಯಾಹ್ನ ಫೋನು ಬಂತು.

“ಮೇಡಂ, ನಾನು ಗುರುಮಲ್ಲಪ್ಪ, ನರಸೀಪುರ. ಮಗ್ಳಿಗೆ ಎಲ್ಲಾ ಏಳ್ಬುಟ್ಟೆ. ನಾನೇ ಕೇಳ್ಕಂಡಿದ್ದು, ನೀವು ನಂಗೋಸ್ಕರ ಅಂಗಂದ್ರಿ ಅಂತ. ನಿಮ್ಮನ್ನ ಎಲ್ರ ಮುಂದೂ ಆಡ್ಕತಿದ್ಲು. ಕೇಳ್ಕಂಡು ಇರಕ್ಕಾಗ್ನಿಲ್ಲ.”

“ಅತ್ತಳಾ?”

“ಅತ್ಲು. ಆಮೇಕೆ ನಂಗೆ ಬೋದ್ಲು. ಈಗ ಸುಮ್ನವ್ಳೆ. ಸಂಬಂಧ ಉಡ್ಕೋದು ಬುಟ್ಟವ್ಳೆ.”

ಅದೇ ಸಂಜೆ ಪವಿತ್ರಳಿಂದ ಒಂದು ಸಾಲಿನ ಮೆಸೇಜು ಬಂತು, ಕ್ಷಮಿಸಿ ಮೇಡಂ ಎಂದು. ಮರುದಿನ ರತ್ನಮ್ಮ ಬಂದು ಗೋಡೆಗೆ ಮೊಣಕೈ ಊರಿದಳು. “ನಂಗಾದ್ರೂ ಒಂದ್ ಮಾತ್ ಏಳ್ಬಾರ್ದಾಗಿತ್ತಾ ಅಕ್ಕ?” ಎಂದು ಕಣ್ಣೊರೆಸಿಕೊಂಡಳು. ನಾನು ಒಳಗೆ ಕರೆದು ಕಾಫಿ ಕೊಟ್ಟೆ.

ಬಂಪರು ಈಗ ಬೂದಿಯ ಬಣ್ಣದಲ್ಲೇ ಇದೆ. ಯಾವಾಗಲಾದರೂ ಮನಸ್ಸು ಬಂದರೆ ಹರಳೆಣ್ಣೆ ಸವರುತ್ತೇನೆ. ಅದನ್ನು ಯಾವ ಹಸುವೂ ನೆಕ್ಕುವುದಿಲ್ಲ. ಒಂದೆರಡು ದಿನ ಚೆಂದ ಕಾಣುತ್ತದೆ, ಹೋಗುತ್ತದೆ. ಹೋಗುವುದೆಂದು ಗೊತ್ತಿದ್ದೂ ಸವರುವುದರಲ್ಲಿ ಏನೋ ನೆಮ್ಮದಿ ಇದೆ.

ಗುರುಮಲ್ಲಪ್ಪನವರ ಆ ಫೋನಿನ ಕಡೆಯಲ್ಲಿ, ಇನ್ನೇನು ಇಡಬೇಕೆನ್ನುವಾಗ, ಇಬ್ಬರಿಗೂ ಮಾತು ಮುಗಿದು ಹೋಗಿ, “ನಿಮ್ ಕಡೆ ಒಳೆ ಎಂಗದೆ?” ಎಂದು ಅವರು ಕೇಳಿದ್ದರು. ಮಳೆ ಹಿಡಿದ ಮೇಲೆ ನಾನು ಹೊಳೆಯ ಕಡೆಗೇ ಹೋಗಿರಲಿಲ್ಲ. ನೋಡಿ ಹೇಳುತ್ತೇನೆಂದೆ. ಮಾರನೆಯ ಸಂಜೆ ಸ್ನಾನಘಟ್ಟದ ತನಕ ನಡೆದು ಹೋದೆ. ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಕಪಿಲೆ ಕೆಂಪಗೆ, ಮೆಟ್ಟಿಲುಗಳನ್ನು ನುಂಗಿಕೊಂಡು ನರಸೀಪುರದ ಕಡೆಗೆ ಹರಿಯುತ್ತಿದ್ದಳು. ಅಲ್ಲಿಂದಲೇ ಫೋನು ಮಾಡಿ, “ಹೊಳೆ ಏರಿದೆ” ಎಂದೆ. “ಔದಾ!” ಎಂದರು. ಮಾರನೆಯ ದಿನ ಅವರೇ ಫೋನು ಮಾಡಿ, “ಬಂತು ಕಣ್ರೀ ನಿಮ್ಮೂರ್ ನೀರು” ಎಂದರು.

ಈಗಲೂ ಹಾಗೇ ನಡೆಯುತ್ತಿದೆ. ನಾನು ಇಲ್ಲಿಂದ ಹೇಳುತ್ತೇನೆ, ಅವರು ಅಲ್ಲಿಂದ ಬಂತೆನ್ನುತ್ತಾರೆ. ಬೇರೆ ಮಾತು ಹೆಚ್ಚಿಲ್ಲ. ನೀರಾವರಿ ಇಲಾಖೆಯಲ್ಲಿ ಆಯುಸ್ಸು ಕಳೆದವರು. ಎಷ್ಟು ನೀರು ಬಿಟ್ಟರೆಂಬುದು ನನಗಿಂತ ಮೊದಲೇ ಅವರಿಗೆ ತಿಳಿದಿರುತ್ತದೆ. ಆದರೂ ಪ್ರತಿಸಲ, ಈಗ ತಾನೇ ಕೇಳಿದವರ ಹಾಗೆ, “ಔದಾ!” ಎನ್ನುತ್ತಾರೆ. ನಾವು ಹೇಳಲಿ ಬಿಡಲಿ, ನೀರು ಅದರ ಪಾಡಿಗೆ ಹೋಗಿ ಸೇರುತ್ತದೆ. ಆದರೆ ಹೇಳಲು ಒಬ್ಬರಿದ್ದಾರೆಂದರೆ, ಸಂಜೆ ಚಪ್ಪಲಿ ಮೆಟ್ಟಿಕೊಂಡು ಹೊಳೆಯ ಕಡೆ ಒಂದು ಸಲ ನೋಡಿ ಬರೋಣ ಎನ್ನಿಸುತ್ತದೆ.